ಪರಿಹಾಕದ ನೇಗಿಲು

ನ್ಯೂಜಿಲೆಂಡಿನ ಉತ್ತರದ್ವೀಪದ ಪಶ್ಚಿಮ ತೀರದಲ್ಲಿ, ತರನಾಕಿ ಪರ್ವತಕ್ಕೂ ಟಾಸ್ಮನ್ ಸಮುದ್ರಕ್ಕೂ ನಡುವೆ ನೆಲೆಸಿರುವ ಪರಿಹಾಕವೆಂಬ ಗ್ರಾಮದ ಹೆಸರನ್ನು ನಮ್ಮಲ್ಲಿ ಬಲ್ಲವರು ವಿರಳ. ಬಲ್ಲವರೂ ಅದನ್ನು ಅಹಿಂಸೆಯ ಒಂದು ಪುಣ್ಯಕಥೆಯೆಂದೇ ಬಲ್ಲರು. ಅಹಿಂಸೆ ಅಲ್ಲಿದ್ದುದು ದಿಟ. ಆದರೆ ಆ ವೃತ್ತಾಂತದಲ್ಲಿ ನನಗೆ ಅದಕ್ಕಿಂತಲೂ ವಿಚಾರಣೀಯವಾಗಿ ತೋರಿದುದು, ಕಾನೂನಿನ ಆಳ್ವಿಕೆಯನ್ನು ತಂದೆವೆಂದು ಹೇಳಿಕೊಂಡ ಒಂದು ಸರ್ಕಾರ, ಆಯುಧವಿಲ್ಲದ ಒಂದು ಹಳ್ಳಿಯನ್ನು ಅಡಗಿಸುವುದಕ್ಕಾಗಿ ತನ್ನ ಕಾನೂನನ್ನೇ ಪದೇಪದೇ ಬದಿಗಿರಿಸಬೇಕಾಗಿ ಬಂದ ಸಂಗತಿ.

1840ರ ಫೆಬ್ರವರಿ 6ರಂದು ವೈತಾಂಗಿಯಲ್ಲಿ ಮಾವೋರಿ ನಾಯಕರಿಗೂ ಬ್ರಿಟಿಷ್ ಪ್ರಭುತ್ವಕ್ಕೂ ಆದ ಒಪ್ಪಂದವು ಮಾವೋರಿಗಳ ಭೂಮಿ ಅವರಲ್ಲಿಯೇ ಉಳಿಯುವುದೆಂಬ ವಚನವನ್ನಿತ್ತಿತ್ತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, ವೈತಾರದ ಒಂದು ಭೂಕ್ರಯದ ವಿವಾದದಿಂದ ತರನಾಕಿಯಲ್ಲಿ ಯುದ್ಧ ಹೊತ್ತಿಕೊಂಡಿತು. 1863ರ ಅಧಿನಿಯಮದ ಬಲದಿಂದ, ದಂಗೆಯೆದ್ದವರ ನೆಲವೆಂಬ ನೆಪದಲ್ಲಿ, ದಂಗೆಯೇಳದವರ ನೆಲವನ್ನೂ ಸೇರಿಸಿ ಸುಮಾರು 12 ಲಕ್ಷ ಎಕರೆ ಜಪ್ತಿಯಾಯಿತು. ಹೀಗೆ ನೆಲೆ ತಪ್ಪಿದವರು 1860ರ ದಶಕದ ಉತ್ತರಾರ್ಧದಲ್ಲಿ ತೆ ವಿಟಿ ಓ ರೊಂಗೊಮಾಯಿ ಮತ್ತು ತೊಹು ಕಾಕಾಹಿ ಎಂಬ ಇಬ್ಬರು ನಾಯಕರ ಸುತ್ತ ಪರಿಹಾಕದಲ್ಲಿ ಒಂದುಗೂಡಿದರು. ಇಬ್ಬರೂ ಬೈಬಲನ್ನು ಆಳವಾಗಿ ಬಲ್ಲವರು, ಇಬ್ಬರೂ ಯುದ್ಧದ ಫಲವನ್ನು ಕಣ್ಣಾರೆ ಕಂಡವರು. ಆಯುಧವನ್ನು ವರ್ಜಿಸಿ, ಆಲ್ಬಟ್ರಾಸ್ ಹಕ್ಕಿಯ ಬಿಳಿಯ ಗರಿಯನ್ನು ತಮ್ಮ ಚಿಹ್ನೆಯಾಗಿ ಮುಡಿದು, ವಿಸ್ತಾರವಾದ ಬೇಸಾಯದಿಂದ ತಮ್ಮನ್ನೂ ಬಂದ ಅತಿಥಿಗಳನ್ನೂ ಪೋಷಿಸಿದ ಆ ಜನರ ಊರು 1880ರ ಹೊತ್ತಿಗೆ ಒಂದೂವರೆ ಸಾವಿರ ಮಂದಿಯನ್ನು ಮೀರಿ ಬೆಳೆದಿತ್ತು.

ಜಪ್ತಿಯಾದ ನೆಲದಲ್ಲಿ ಮಾವೋರಿಗಳಿಗಾಗಿ ಬಿಡುವೆವೆಂದಿದ್ದ ಭಾಗಗಳನ್ನು ಗುರುತಿಸದೆಯೇ ಸರ್ಕಾರ ಮೋಜಣಿಗೆ ತೊಡಗಿದಾಗ, 1879ರ ಮೇ ತಿಂಗಳಲ್ಲಿ ಪರಿಹಾಕದವರು ಕೊಟ್ಟ ಉತ್ತರ ಅಪೂರ್ವವಾದುದು: ಎತ್ತು ನೇಗಿಲುಗಳೊಡನೆ ಹೋಗಿ, ವಲಸಿಗರ ಹುಲ್ಲುಗಾವಲುಗಳನ್ನು ಉತ್ತುಬಿಟ್ಟರು. ಹಿಡಿಯಲು ಬಂದ ಪೊಲೀಸರಿಗೆ ಕೈ ಎತ್ತಲಿಲ್ಲ. ಒಬ್ಬನನ್ನು ಒಯ್ದರೆ ಮರುದಿನ ಇನ್ನೊಬ್ಬನು ಅದೇ ಸಾಲಿಗೆ ಬರುತ್ತಿದ್ದನು. ಮೊದಲ ನೇಗಿಲುಗಳನ್ನು ಹಿಡಿದವರು ಕುಲದ ಅತ್ಯಂತ ಮಾನ್ಯ ಪುರುಷರೇ ಆಗಿದ್ದರೆಂಬುದನ್ನು ಮರೆಯತಕ್ಕುದಲ್ಲ. ಬಂಧಿತರ ಸಂಖ್ಯೆ ಸುಮಾರು 200 ಮುಟ್ಟಿತು. ನ್ಯಾಯಾಲಯದಲ್ಲಿ ವಿಚಾರಣೆ ನಡೆದರೆ ಜಪ್ತಿಯ ಸಿಂಧುತ್ವವೇ ಪ್ರಶ್ನೆಗೆ ಗುರಿಯಾದೀತೆಂಬ ಅಳುಕು ಮಂತ್ರಿಗಳಿಗಿತ್ತೆಂದು ನಾನು ಊಹಿಸುತ್ತೇನೆ. ಏಕೆಂದರೆ ವಿಚಾರಣೆಯನ್ನು ಮುಂದೂಡುವ ಅಧಿಕಾರವನ್ನು ಕೊಡುವ ಹೊಸ ಶಾಸನವನ್ನೇ ಅವರು ಮಾಡಿಕೊಂಡು, ಬಂದಿಗಳನ್ನು ದಕ್ಷಿಣದ್ವೀಪದ ಡನೀಡಿನ್, ಹೊಕಿಟಿಕ ಮೊದಲಾದ ಊರುಗಳ ಸೆರೆಮನೆಗಳಿಗೆ ಸಾಗಿಸಿದರು. ಮರುವರ್ಷ ಬೆಳೆಯ ನಡುವೆ ರಸ್ತೆ ಕಡಿಯುತ್ತ ಬಂದವರು ಬೇಲಿಗಳನ್ನು ಮುರಿದರು, ಊರವರು ಮತ್ತೆ ಕಟ್ಟಿದರು. ಆಗ ಬೇಲಿ ಕಟ್ಟುವುದನ್ನೂ ಎರಡು ವರ್ಷದವರೆಗಿನ ಸೆರೆಗೆ ಅರ್ಹವಾದ ಅಪರಾಧವೆಂದು ಇನ್ನೊಂದು ಶಾಸನವಾಯಿತು.

ಇಲ್ಲಿ ಜೇಮ್ಸ್ ಪ್ರೆಂಡರ್‌ಗಾಸ್ಟನ ಮಾತು ಬರುತ್ತದೆ. 1877ರಲ್ಲಿ ಮುಖ್ಯ ನ್ಯಾಯಾಧೀಶನ ಪೀಠದಿಂದ ವೈತಾಂಗಿಯ ಒಪ್ಪಂದವು ಕಾನೂನಿನ ದೃಷ್ಟಿಯಲ್ಲಿ ಶೂನ್ಯವೆಂದು ತೀರ್ಪಿತ್ತವನು ಈತನೇ; 1881ರ ಅಕ್ಟೋಬರ್ 19ರ ರಾತ್ರಿ, ಫಿಜಿಗೆ ಹೋಗಿದ್ದ ಗವರ್ನರ್ ಆರ್ಥರ್ ಗಾರ್ಡನ್ ಹಿಂದಿರುಗುವುದಕ್ಕೆ ಕೆಲವೇ ಗಂಟೆಗಳ ಮುನ್ನ, ಆತನ ಸ್ಥಾನದಲ್ಲಿ ಕುಳಿತು ಪರಿಹಾಕದ ಮೇಲಿನ ಘೋಷಣೆಗೆ ಸಹಿ ಹಾಕಿದವನೂ ಈತನೇ. ನವೆಂಬರ್ 5ರ ಬೆಳಗ್ಗೆ ಮಂತ್ರಿ ಜಾನ್ ಬ್ರೈಸನು ಬಿಳಿಯ ಕುದುರೆಯೇರಿ, ಸುಮಾರು 1600 ಸಶಸ್ತ್ರ ಜನರೊಡನೆ ಬಂದನು. ಎದುರಿನ ದಿಣ್ಣೆಯ ಮೇಲೆ ತೋಪು ಸಿದ್ಧವಾಗಿತ್ತು. ಊರ ಬಾಗಿಲಲ್ಲಿ ಹಾಡುತ್ತ ಕುಣಿಯುತ್ತ ದಾರಿಗಡ್ಡ ನಿಂತಿದ್ದವರು ಮಕ್ಕಳು. ಬಂದವರಿಗೆಂದು ರೊಟ್ಟಿಯನ್ನೂ ಸುಟ್ಟಿರಿಸಿದ್ದರು. ತೆ ವಿಟಿ, ತೊಹು ಇಬ್ಬರೂ ಶಾಂತರಾಗಿ ಸೆರೆಯಾದರು. ಮುಂದಿನ ವಾರಗಳಲ್ಲಿ ಮನೆಗಳು ಕೆಡವಲ್ಪಟ್ಟುವು, ಬೆಳೆ ನಾಶವಾಯಿತು, ಜನರನ್ನು ಚದರಿಸಲಾಯಿತು. ಪತ್ರಿಕೆಯವರು ಬರಕೂಡದೆಂಬ ನಿಷೇಧವಿದ್ದರೂ ಕೆಲವರು ಅಡಗಿ ನೋಡಿದ್ದರಿಂದ ಆ ಬೆಳಗಿನ ವಿವರ ನಮಗೆ ಉಳಿದಿದೆ. ಇಬ್ಬರು ನಾಯಕರನ್ನೂ ವಿಚಾರಣೆಯಿಲ್ಲದೆ ಇರಿಸಿಕೊಳ್ಳಲು 1882ರಲ್ಲಿ ಮತ್ತೊಂದು ಶಾಸನ. ನಡೆದ ಅಕ್ರಮಗಳಿಗೆ ಯಾರೂ ಹೊಣೆಯಾಗದಂತೆ ಕಾಯಲು ಇನ್ನೊಂದು!

ಗಾಂಧೀಜಿಯವರು ತೆ ವಿಟಿಯಿಂದ ಪ್ರೇರಣೆ ಪಡೆದರೆಂದು ಕೆಲವರು ಹೇಳುವುದುಂಟು. ಅದಕ್ಕೆ ನಾನು ಪುರಾವೆಯನ್ನು ಕಂಡಿಲ್ಲ. ಪರಿಹಾಕಕ್ಕೆ ದಂಡು ನುಗ್ಗಿದಾಗ ಅವರು ರಾಜಕೋಟೆಯ ಶಾಲೆಯಲ್ಲಿದ್ದ 12 ವರ್ಷದ ಹುಡುಗ. ಇಂತಹ ನಂಟನ್ನು ಕಲ್ಪಿಸಿ ಗೌರವಿಸುವುದು, ಆ ಜನರು ತಾವಾಗಿಯೇ ಕಂಡುಕೊಂಡ ಮಾರ್ಗಕ್ಕೆ ಅನಾವಶ್ಯಕವಾದ ಅಲಂಕಾರವೆಂದೇ ನನ್ನ ಭಾವನೆ.

1883ರಲ್ಲಿ ಹಿಂದಿರುಗಿದ ನಾಯಕರಿಬ್ಬರೂ ಊರನ್ನು ಮತ್ತೆ ಕಟ್ಟಿ 1907ರಲ್ಲಿ, ಒಂದೇ ವರ್ಷದಲ್ಲಿ, ಗತಿಸಿದರು. ಬಹುಕಾಲ ದೇಶ ಇದನ್ನು ಮರೆತಿತ್ತು. 1975ರಲ್ಲಿ ವೃದ್ಧೆ ವಿನಾ ಕೂಪರರ ನೇತೃತ್ವದಲ್ಲಿ ಮಾವೋರಿಗಳು ಉತ್ತರದ ತುದಿಯಿಂದ ವೆಲ್ಲಿಂಗ್ಟನ್ನಿಗೆ ಭೂಮಿಗಾಗಿ ನಡೆದರು. ಅದೇ ವರ್ಷ ವೈತಾಂಗಿ ನ್ಯಾಯಮಂಡಲಿ ಸ್ಥಾಪಿತವಾಯಿತು. 1985ರಲ್ಲಿ ಅದಕ್ಕೆ 1840ರವರೆಗಿನ ಅನ್ಯಾಯಗಳನ್ನೂ ಪರಿಶೀಲಿಸುವ ಅಧಿಕಾರ ದೊರೆತ ಮೇಲೆಯೇ ತರನಾಕಿಯ ಜಪ್ತಿಯ ವಿಚಾರ ಕಡತಕ್ಕೆ ಏರಿ, 1996ರಲ್ಲಿ ವರದಿಯಾಗಿ ಹೊರಬಂದಿತು. 2017ರ ಜೂನ್ 9ರಂದು ಸರ್ಕಾರ ಪರಿಹಾಕಕ್ಕೇ ಬಂದು ಕ್ಷಮೆ ಯಾಚಿಸಿತು, 2019ರಲ್ಲಿ ಅದಕ್ಕೂ ಶಾಸನವಾಯಿತು. ಆದರೆ ಮಾವೋರಿಗಳಿಗೆಂದು ಬಿಡಲಾಗಿದ್ದ ನೆಲವನ್ನು 1892ರ ಶಾಸನವು ಸರ್ಕಾರಿ ಧರ್ಮದರ್ಶಿಯ ಕೈಗೊಪ್ಪಿಸಿ, ನಮ್ಮ ಕರಾವಳಿಯ ಮೂಲಗೇಣಿಯಂತೆ, ಮುಗಿಯದ ಗೇಣಿಗೆ ವಲಸಿಗರಿಗೆ ಕೊಟ್ಟಿತ್ತು. ಒಡೆಯರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಅದರಲ್ಲಿ ಒಂದು ಭಾಗಕ್ಕೆ ಗೇಣಿಯನ್ನೇ ಪಡೆಯುತ್ತಿದ್ದಾರೆ, ಬೇಸಾಯ ಮಾಡುವವರು ಬೇರೆಯವರು.