ಆಟಿಯ ಹಸಿವು, ಅಟ್ಟದ ಭರಣಿ

ತುಳುನಾಡಿನ ಚರಿತ್ರೆಯ ಪುಸ್ತಕಗಳನ್ನು ತೆರೆದರೆ ಆಳುಪರು, ಚೌಟರು, ಅಜಿಲರು, ಬಂಗರು ಸಾಲಾಗಿ ಎದುರಾಗುತ್ತಾರೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ ಬರುತ್ತದೆ, 1604ರಲ್ಲಿ ವೇಣೂರಿನಲ್ಲಿ ನಿಂತ ಗೊಮ್ಮಟ ಬರುತ್ತಾನೆ. ಇವೆಲ್ಲ ಬೇಕಾದ ಸಂಗತಿಗಳೇ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ನಾರಾವಿಯಲ್ಲಿ, ಒಂದು ಸಾಧಾರಣ ಗೇಣಿ ಒಕ್ಕಲಿನ ಮನೆಯವರು ನಾಲ್ಕು ತಿಂಗಳ ಮಳೆಯನ್ನು ಹೇಗೆ ದಾಟುತ್ತಿದ್ದರು ಎಂದು ಕೇಳಿದರೆ ಆ ಪುಸ್ತಕಗಳು ಬಾಯಿ ಬಿಡುವುದು ಕಡಿಮೆ. ಏಕೆಂದರೆ ಆ ಚರಿತ್ರೆ ಶಾಸನದಲ್ಲಿಲ್ಲ. ಅದು ಅಡುಗೆಮನೆಯ ಅಟ್ಟದಲ್ಲಿ, ಉಪ್ಪಿನ ಭರಣಿಯಲ್ಲಿ, ಒಲೆಯ ಮೇಲೆ ತೂಗುತ್ತಿದ್ದ ಒಣಮೀನಿನಲ್ಲಿ ಇತ್ತು. ಅದನ್ನು ಬರೆದವರು ಹೆಂಗಸರು. ಕಾಗದದಲ್ಲಿ ಅಲ್ಲ, ಕೈಯಲ್ಲಿ.

ನಾರಾವಿ ಬೆಳ್ತಂಗಡಿ ತಾಲೂಕಿನ ಅಂಚಿನ ಊರು. ಒಂದು ಕಡೆ ಕಾರ್ಕಳದ ಸೀಮೆ, ಇನ್ನೊಂದು ಕಡೆ ಮೂಡಬಿದಿರೆಯ ದಾರಿ, ಬೆನ್ನಿಗೆ ಕುದುರೆಮುಖದ ಕಾಡು. ಸೂರ್ಯನಾರಾಯಣ ದೇವಸ್ಥಾನ, ಸಂತ ಅಂತೋನಿಯವರ ಇಗರ್ಜಿ, ಮಸೀದಿ, ಸುತ್ತಲಿನ ಬಸದಿಗಳು ಎಲ್ಲವೂ ಒಂದೇ ಮಳೆಯಲ್ಲಿ ನೆನೆಯುವ ನೆಲ ಇದು. ದಕ್ಷಿಣ ಕನ್ನಡ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟದ ಬುಡದಲ್ಲಿ ಅದರ ಆರ್ಭಟ ಇನ್ನೂ ಹೆಚ್ಚು. ಇಂಥ ನೆಲದಲ್ಲಿ ಮನೆ ನಡೆಸುವುದೆಂದರೆ ಎಂಟು ತಿಂಗಳು ದುಡಿದು ನಾಲ್ಕು ತಿಂಗಳನ್ನು ಕಾಪಾಡಿಕೊಳ್ಳುವುದು ಎಂದೇ ಅರ್ಥ.

ಬ್ರಿಟಿಷ್ ಕಂಪೆನಿಯ ಪರವಾಗಿ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬಂಟ್ವಾಳ, ವೇಣೂರು, ಮೂಡಬಿದಿರೆ, ಕಾರ್ಕಳ ದಾರಿಯಾಗಿ ಸಾಗಿದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಗದ್ದೆ, ಬೆಳೆ, ಗೇಣಿ, ತೆರಿಗೆ ಎಲ್ಲವನ್ನೂ ಆತ ವಿಚಾರಿಸಿ ಬರೆದಿದ್ದಾನೆ. ಆದರೆ ಆತ ಇಲ್ಲಿ ಹಾದುಹೋದದ್ದು ಒಣಹವೆಯ ದಿನಗಳಲ್ಲಿ. ಜುಲೈ ತಿಂಗಳ ಹೊತ್ತಿಗೆ ಆತ ಮದರಾಸಿಗೆ ಮರಳಿದ್ದ. ತುಳುವರ ಆಟಿ ತಿಂಗಳನ್ನು ಆತ ಇಲ್ಲಿ ನಿಂತು ನೋಡಲಿಲ್ಲ. ಮುಂದೆ 1894ರಲ್ಲಿ ಬಂದ ಸ್ಟರಕ್‌ನ ದಕ್ಷಿಣ ಕನ್ನಡ ಮ್ಯಾನ್ಯುಯಲ್ ಕೂಡ ಕಂದಾಯದ ಕಣ್ಣಿನಿಂದಲೇ ಜಿಲ್ಲೆಯನ್ನು ಕಂಡಿತು. ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ಕ್ರಮ ನಮಗೆ ಇಂಥ ದಾಖಲೆಗಳಲ್ಲಿ ಸಿಗುತ್ತದೆ. ಆ ಬೈಲಿನ ಭತ್ತವನ್ನು ಬೇಯಿಸಿ, ಒಣಗಿಸಿ, ಕುಟ್ಟಿ, ಅಕ್ಕಿ ಮಾಡಿದ ಕೈಗಳ ಲೆಕ್ಕ ಸಿಗುವುದಿಲ್ಲ.

ಹಸಿವು ಬಂದದ್ದು ಎಲ್ಲಿಂದ?

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿಯನ್ನು ಹಿರಿಯರು ಕಷ್ಟದ ತಿಂಗಳು ಎನ್ನುತ್ತಿದ್ದರು. ಇದಕ್ಕೆ ಮಳೆಯೊಂದೇ ಕಾರಣವಲ್ಲ. ಇಲ್ಲಿನ ಮೊದಲ ಬೆಳೆ ಏಣೆಲು. ಮಳೆ ಹಿಡಿದ ಮೇಲೆ ನೇಜಿ ನೆಟ್ಟರೆ ಕೊಯ್ಲು ನವರಾತ್ರಿಯ ಆಸುಪಾಸಿಗೆ. ಎರಡನೆಯದು ಸುಗ್ಗಿ, ಮೂರನೆಯದು ಕೊಳಕೆ. ನೀರಿನ ಆಸರೆಯಿರುವ ಬೈಲುಗದ್ದೆಗೆ ಮಾತ್ರ ಮೂರು ಬೆಳೆಯ ಭಾಗ್ಯ. ಮಜಲಿಗೆ ಎರಡು, ಬೆಟ್ಟಿಗೆ ಒಂದೇ. ಬಡ ಒಕ್ಕಲಿನ ಪಾಲಿಗೆ ಸಾಮಾನ್ಯವಾಗಿ ಬರುತ್ತಿದ್ದುದು ಬೆಟ್ಟುಗದ್ದೆ. ಅದರ ಮೇಲೆ ಚಾಲಗೇಣಿ. ಗೇಣಿಯನ್ನು ಅಕ್ಕಿಮುಡಿಯ ಲೆಕ್ಕದಲ್ಲಿ ಧಣಿಯ ಮನೆಗೆ ಅಳೆಯಬೇಕು. 42 ಸೇರಿಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ ಮುಡಿಯಲ್ಲಿ ಅಕ್ಕಿ ಮಳೆಗಾಲವಿಡೀ ಕೆಡದೆ ಇರುತ್ತಿತ್ತು, ನಿಜ. ಆದರೆ ಕಟ್ಟಿದವರ ಮನೆಯಲ್ಲಿ ಎಷ್ಟು ಮುಡಿ ಉಳಿಯುತ್ತಿತ್ತು ಎಂಬುದೇ ಪ್ರಶ್ನೆ.

ಗೇಣಿ ಅಳೆದು, ಅಂಗಡಿಯ ಸಾಲ ತೀರಿಸಿ, ಬೀಜಕ್ಕೆ ತೆಗೆದಿಟ್ಟು ಉಳಿದದ್ದು ಕಾರ್ತೆಲ್ ತಿಂಗಳಲ್ಲೇ ತಳ ಕಾಣುತ್ತಿತ್ತು. ಅಷ್ಟರಲ್ಲಿ ನಾಟಿಯೂ ಮುಗಿಯುತ್ತದೆ. ನೇಜಿ ನೆಡುವ ಹೆಂಗಸರಿಗೆ ಅಲ್ಲಿಯವರೆಗೆ ದಿನದ ಸಂಬಳವೆಂದು ಒಂದಿಷ್ಟು ಅಕ್ಕಿ ಸಿಗುತ್ತಿತ್ತು. ನಾಟಿ ಮುಗಿದ ಮರುದಿನ ಅದೂ ಇಲ್ಲ. ಹೊಸ ತೆನೆಗೆ ಇನ್ನೂ ಎರಡು ತಿಂಗಳು. ಕಡಲಿಗೆ ದೋಣಿ ಇಳಿಯುವುದಿಲ್ಲ, ಹಸಿ ಮೀನಿಲ್ಲ. ಹೊಳೆ ತುಂಬಿದರೆ ಸಂತೆಯ ದಾರಿಯೂ ಬಂದ್. ಆಟಿಯ ಹಸಿವು ಹುಟ್ಟಿದ್ದು ಹೀಗೆ. ಮಳೆ ದೇವರದ್ದು, ಹಸಿವಿನ ಅರ್ಧಪಾಲು ಗೇಣಿಯದ್ದು.

ಬಿಸಿಲಿನಲ್ಲಿ ಮಳೆಯ ಕೆಲಸ

ಹಾಗಾಗಿ ಮಳೆಗಾಲದ ಸಂಸಾರ ಮಳೆಗಾಲದಲ್ಲಿ ಶುರುವಾಗುತ್ತಿರಲಿಲ್ಲ. ಅದು ಶುರುವಾಗುತ್ತಿದ್ದುದು ಪಗ್ಗು, ಬೇಶ ತಿಂಗಳುಗಳ ಉರಿಬಿಸಿಲಿನಲ್ಲಿ. ಎಳೆ ಮಿಡಿ ಬಿಟ್ಟಾಗ ಉಪ್ಪಿನಕಾಯಿ. ಬೆಳೆದ ಮಾವು ಉಪ್ಪುನೀರಿನ ಭರಣಿಗೆ. ಹಣ್ಣಾಗಿ ಉದುರಿದ ಕಾಟುಮಾವಿನ ರಸ ಚಾಪೆಯ ಮೇಲೆ ಪದರ ಪದರವಾಗಿ ಒಣಗಿ ಮಾಂಬಳ. ಹಲಸು ಬಂತೆಂದರೆ ಮನೆಯವರಿಗೆಲ್ಲ ಕೆಲಸ. ತೊಳೆ ಬೇಯಿಸಿ ಕಡೆಯುವ ಕಲ್ಲಿನಲ್ಲಿ ರುಬ್ಬಿ ಹಪ್ಪಳ. ಹಸಿ ತೊಳೆಗೆ ಉಪ್ಪು ಬೆರೆಸಿ ಒತ್ತಿಟ್ಟರೆ ಉಪ್ಪಡ್ ಪಚ್ಚಿಲ್. ಬೀಜ ಬೇಯಿಸಿ ಒಣಗಿಸಿದರೆ ಸಾಂತಾಣಿ. ಹಸಿ ಬೀಜಕ್ಕೆ ಕೆಮ್ಮಣ್ಣು ಮೆತ್ತಿಟ್ಟರೆ ಆಟಿಯ ಸಾರಿಗೆ ಆಯಿತು. ಒಂದೇ ಹಣ್ಣಿನಿಂದ ನಾಲ್ಕು ಬಗೆಯ ದಾಸ್ತಾನು. ಪುನರ್ಪುಳಿಯ ಸಿಪ್ಪೆ, ಹುಣಸೆ, ಮೆಣಸು ಎಲ್ಲಕ್ಕೂ ಅದೇ ಬಿಸಿಲು, ಅದೇ ಓಲೆಯ ಚಾಪೆ, ಕಾಗೆ ಓಡಿಸಲು ಕೂತ ಅದೇ ಮಕ್ಕಳು.

ಕರಾವಳಿಯಿಂದ ಉಪ್ಪು, ಒಣಮೀನು ಹೊತ್ತು ಘಟ್ಟದ ಬುಡದವರೆಗೆ ಬರುತ್ತಿದ್ದವರಲ್ಲಿ ಬ್ಯಾರಿ ವ್ಯಾಪಾರಿಗಳು ಪ್ರಮುಖರು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂತೆಂದು ಹಲವರು ಹೇಳುತ್ತಾರೆ. ಮನೆಯಂಗಳದಲ್ಲಿ ನಡೆಯುತ್ತಿದ್ದ ಆ ವ್ಯಾಪಾರದಲ್ಲಿ ಅಳೆದು ಕೊಡುವವನು ಗಂಡಸಾದರೂ ಆರಿಸಿ ಕೊಳ್ಳುವವಳು ಮನೆಯೊಡತಿ. ಎಷ್ಟು ಒಣಮೀನು ಸೋಣ ತಿಂಗಳವರೆಗೆ ಸಾಕು ಎಂಬ ಲೆಕ್ಕ ಅವಳ ತಲೆಯಲ್ಲೇ ಇರುತ್ತಿತ್ತು. ಬಿಲ್ಲವರ ಮನೆಯ ಅಟ್ಟದಲ್ಲೂ ಬ್ಯಾರಿಗಳ ಮನೆಯ ಅಟ್ಟದಲ್ಲೂ ಕ್ರೈಸ್ತರ ಮನೆಯ ಅಟ್ಟದಲ್ಲೂ ಕಾಣುತ್ತಿದ್ದುದು ಹೆಚ್ಚುಕಡಿಮೆ ಅದೇ ಸಾಮಾನು. ಜಾತಿ, ಧರ್ಮಗಳು ಬೇರೆಯಾದರೂ ಮಳೆ ಒಂದೇ ಆಗಿತ್ತು.

ಮನೆಯ ಮೈಯನ್ನೂ ಮಳೆಗೆ ಸಿದ್ಧಪಡಿಸಬೇಕು. ಮುಳಿಹುಲ್ಲಿನ ಮಾಡನ್ನು ವರ್ಷ ವರ್ಷ ಹೊದೆಸಬೇಕಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಆ ಕೆಂಪು ಹಂಚು ದೂರದೇಶಗಳಿಗೆ ಹಡಗು ಹತ್ತಿತಾದರೂ ಪಕ್ಕದ ಬಡವರ ಮಾಡು ಹತ್ತಲು ನೂರು ವರ್ಷ ಬೇಕಾಯಿತು. ಜಗಲಿಗೆ ಎರಚಲು ಬಡಿಯದಂತೆ ತೆಂಗಿನ ಮಡಲಿನ ತಟ್ಟಿ, ಗದ್ದೆಗೆ ಹೋಗುವವರ ಬೆನ್ನಿಗೆ ಕೊರಂಬು, ತಲೆಗೆ ಹಾಳೆಯ ಮುಟ್ಟಾಳೆ. ಎಲ್ಲಕ್ಕಿಂತ ಮುಖ್ಯ ಕಟ್ಟಿಗೆ. ಪತ್ತನಾಜೆಯ ಹೊತ್ತಿಗೆ ಒಣ ಕಟ್ಟಿಗೆ ಸೂರಿನಡಿ ಸೇರದಿದ್ದರೆ ಆ ಮನೆಯ ಹೆಂಗಸು ನಾಲ್ಕು ತಿಂಗಳು ಹೊಗೆಯಲ್ಲಿ ಕಣ್ಣೀರು ಸುರಿಸಬೇಕು. ಬಾಣಂತಿಯಿರುವ ಮನೆಯ ಪಾಡು ಇನ್ನೂ ಕಷ್ಟ. ಹಂಡೆಯ ಬಿಸಿನೀರು ಆರಬಾರದು. ಮಗುವಿನ ಬಟ್ಟೆ ಒಣಗಲು ಒಲೆಯ ಮೇಲಿನ ಜಾಗವೊಂದೇ ಗತಿ.

ಇಷ್ಟೆಲ್ಲ ಆದರೂ ಆಟಿಯಲ್ಲಿ ದಾಸ್ತಾನು ಮುಗಿದಾಗ ಹೆಂಗಸರು ಹೋಗುತ್ತಿದ್ದುದು ಗುಡ್ಡೆಗೆ. ತಜಂಕ್, ತಿಮರೆ, ಕೆಸುವಿನೆಲೆ, ಕಣಿಲೆ, ಅಣಬೆ. ಕಣಿಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸಬೇಕು, ಕೆಸುವಿಗೆ ಹುಳಿ ಬೀಳಬೇಕು, ಅಣಬೆಯಲ್ಲಿ ವಿಷದ್ದನ್ನು ಬೇರ್ಪಡಿಸಬೇಕು. ಇದು ಯಾವ ಶಾಲೆಯೂ ಕಲಿಸದ ವಿದ್ಯೆ. ಆಟಿ ಅಮಾವಾಸ್ಯೆಯ ಬೆಳಗಿನ ಹಾಲೆಮರದ ಕಷಾಯ, ಆ ಬಳಿಕದ ಮೆಂತೆ ಗಂಜಿ ಕೂಡ ಇದೇ ತಿಳಿವಳಿಕೆಯ ಭಾಗ. ಹೊಸ ಮದುಮಗಳನ್ನು ಆಟಿಯಲ್ಲಿ ತವರಿಗೆ ಕರೆತರುವ ಪದ್ಧತಿಯೂ ಇತ್ತು. ಅದರ ಹಿಂದೆ ಪ್ರೀತಿ ಇತ್ತು, ನಾಟಿಯಲ್ಲಿ ಸೊಂಟ ಬಗ್ಗಿಸಿದವಳಿಗೆ ವಿಶ್ರಾಂತಿಯೂ ಇತ್ತು. ಅತ್ತೆಯ ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗುತ್ತಿತ್ತು ಎಂಬುದನ್ನೂ ಮರೆಯಬೇಕಿಲ್ಲ.

ಎರಡು ಪಂಚಾಂಗಗಳ ಅಡುಗೆಮನೆ

ಮುಸ್ಲಿಮರ ಅಡುಗೆಮನೆಗೆ ಇಲ್ಲಿ ಇನ್ನೊಂದು ಸವಾಲಿತ್ತು. ಗದ್ದೆ, ಮಳೆ, ಮಾವು, ಹಲಸಿಗೆಲ್ಲ ತುಳುವಿನ ಸೌರಮಾನದ ತಿಂಗಳು. ಉಪವಾಸ, ಹಬ್ಬಗಳಿಗೆ ಹಿಜರಿ ಚಾಂದ್ರಮಾನ. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಆದ್ದರಿಂದ ರಮಝಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬಂದು, ಸರಿಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ. ಮಾವು ಹಲಸಿನ ಕಾಲದಲ್ಲಿ ಬಂದರೆ ಇಫ್ತಾರಿಗೆ ಹಿತ್ತಿಲೇ ಸಾಕು. ಆಟಿಯಲ್ಲಿ ಬಂದರೆ?

1980ರಲ್ಲಿ ರಮಝಾನ್ ಜುಲೈ ಎರಡನೇ ವಾರ ಆರಂಭವಾಗಿ ಹೆಚ್ಚುಕಡಿಮೆ ಇಡೀ ಆಟಿಯನ್ನು ಆವರಿಸಿತ್ತು. ಸಹರಿಗೆ ನಸುಕಿನಲ್ಲಿ ಒದ್ದೆ ಕಟ್ಟಿಗೆ ಊದಿ ಗಂಜಿ ಬೇಯಿಸಬೇಕಿದ್ದ ಕಾಲ ಅದು. ಮೋಡ ಮುಸುಕಿದ ಆಕಾಶದಲ್ಲಿ ಚಂದ್ರನನ್ನು ಹುಡುಕುವ ಕಷ್ಟ ಬೇರೆ. ಮತ್ತೆ ಹಾಗೆಯೇ ಆಟಿಗೆ ಕೂಡಿ ಬಂದದ್ದು 2013ರಲ್ಲಿ. ಆಗ ಗ್ಯಾಸ್ ಒಲೆಯಿತ್ತು, ಮಿಕ್ಸಿ ಇತ್ತು, ಅನೇಕ ಮನೆಗಳಲ್ಲಿ ಫ್ರಿಜ್ ಇತ್ತು, ಪೇಟೆಯಲ್ಲಿ ಖರ್ಜೂರದ ರಾಶಿಯಿತ್ತು. ತಿಂಗಳು ಅದೇ, ಮಳೆ ಅದೇ, ಉಪವಾಸ ಅದೇ. ಈ ಎರಡು ರಮಝಾನ್‌ಗಳ ನಡುವಿನ ಅಂತರವನ್ನು ಅಳೆದರೆ ನಮ್ಮ ಮನೆಗಳ ಚರಿತ್ರೆಯೇ ಸಿಗುತ್ತದೆ.

ಬದಲಾವಣೆ ತಂದವರು

ಈ ಬದಲಾವಣೆ ತಾನಾಗಿ ಆಗಲಿಲ್ಲ. ಮೊದಲ ಕಾರಣ ಭೂಸುಧಾರಣೆ. ದೇವರಾಜ ಅರಸರ ಕಾಲದ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಗೆ ತೆರೆ ಎಳೆಯಿತು. ಗೇಣಿಗೆಂದು ಹೋಗುತ್ತಿದ್ದ ಮುಡಿ ಮನೆಯಲ್ಲೇ ಉಳಿಯಿತು. ಆಟಿಯ ಹಸಿವಿನ ಬೆನ್ನುಮೂಳೆ ಮುರಿದದ್ದು ಆಗ. ಆದರೆ ಹಕ್ಕುಪತ್ರ ಬಂದದ್ದು ಹೆಚ್ಚಾಗಿ ಮನೆಯ ಯಜಮಾನನ ಹೆಸರಿಗೆ. ನೇಜಿ ನೆಟ್ಟವಳ ಹೆಸರು ಅಲ್ಲೂ ಕಾಣಿಸಲಿಲ್ಲ.

ಎರಡನೆಯದು ಬೀಡಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಯಲ್ಲಿ ಎಲ್ಲ ಸಮುದಾಯದ ಹೆಂಗಸರೂ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದರು. ಮಳೆ ಸುರಿದರೂ ನಿಲ್ಲದ ಸಂಪಾದನೆ ಅದು. ಪರದೆಯ ಕಟ್ಟುಪಾಡಿನಿಂದ ಹೊರಗೆ ದುಡಿಯಲಾಗದ ಮುಸ್ಲಿಮ್ ಹೆಂಗಸಿನ ಕೈಗೆ ಮೊದಲ ಬಾರಿ ಸ್ವಂತ ಹಣ ತಂದುಕೊಟ್ಟದ್ದು ಅನೇಕ ಮನೆಗಳಲ್ಲಿ ಈ ಎಲೆ, ಕತ್ತರಿ, ನೂಲು. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. 1966ರ ಬೀಡಿ ಕಾರ್ಮಿಕರ ಕಾಯ್ದೆ, 1976ರ ಕಲ್ಯಾಣ ನಿಧಿ ಕಾಯ್ದೆ ಅವರನ್ನು ಕಾರ್ಮಿಕರೆಂದು ಗುರುತಿಸಿದವು. ಅಕ್ಕಿ ತಂದದ್ದು, ಮಕ್ಕಳ ಫೀಸು ಕಟ್ಟಿದ್ದು, ಮುಳಿಹುಲ್ಲು ತೆಗೆದು ಹಂಚು ಹಾಕಿಸಿದ್ದು ಈ ದುಡ್ಡೇ. ಅದರ ಬೆಲೆಯನ್ನು ಅವರು ಬೆನ್ನುನೋವಾಗಿ, ತಂಬಾಕಿನ ಧೂಳಿನ ಕೆಮ್ಮಾಗಿ ತೆತ್ತರು. ಎಪ್ಪತ್ತರ ದಶಕದ ನಂತರ ಗಲ್ಫಿನ ಹಣ ಬಂತು. ಆಗಲೂ ವರ್ಷಗಟ್ಟಲೆ ಗಂಡನಿಲ್ಲದ ಮನೆಯ ಮಳೆಗಾಲವನ್ನು ನಡೆಸಿದವಳು ಹೆಂಡತಿಯೇ.

ಇಂದು ಆಟಿ ಹಸಿವಿನ ತಿಂಗಳಲ್ಲ. ಸಂಘಸಂಸ್ಥೆಗಳು "ಆಟಿಡೊಂಜಿ ದಿನ" ಆಚರಿಸುತ್ತವೆ. ಪತ್ರೊಡೆ, ತಜಂಕ್, ಕಣಿಲೆ, ಹಲಸಿನ ಬೀಜದ ಬಗೆಬಗೆಯ ತಿನಿಸುಗಳನ್ನು ಮೇಜಿನ ಮೇಲೆ ಜೋಡಿಸುತ್ತಾರೆ. ಇದು ತಪ್ಪಲ್ಲ; ಮರೆತುಹೋಗುವ ರುಚಿಯನ್ನು ಮಕ್ಕಳಿಗೆ ಉಣಿಸುವುದು ಒಳ್ಳೆಯದೇ. ಆದರೆ ಬೇರೇನೂ ಇಲ್ಲದೆ ತಿಂದ ಸೊಪ್ಪನ್ನು ನಮ್ಮ ಹಿರಿಯರ ಆರೋಗ್ಯದ ಗುಟ್ಟು ಎಂದಷ್ಟೇ ಭಾಷಣ ಮಾಡಿದರೆ ಅದು ಅರ್ಧ ಸತ್ಯ. ಆ ಸೊಪ್ಪನ್ನು ಜಿಗಣೆ ಕಡಿಸಿಕೊಂಡು ಗುಡ್ಡೆಯಿಂದ ತಂದವಳು, ಮನೆಯವರೆಲ್ಲ ಉಂಡ ಮೇಲೆ ತಿಳಿಗಂಜಿ ಕುಡಿದು ಮಲಗುತ್ತಿದ್ದ ದಿನಗಳಿದ್ದವು. ಹಬ್ಬದ ನಡುವೆ ಹಸಿವನ್ನು ಮರೆತರೆ ಗೇಣಿಯ ಚರಿತ್ರೆಯನ್ನೂ ಮರೆಯುತ್ತೇವೆ, ಅವಳನ್ನೂ ಮರೆಯುತ್ತೇವೆ.

ಮಳೆಯಂತೂ ನಮ್ಮನ್ನು ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಗುಡ್ಡ ಕುಸಿದು, ಹೊಳೆ ಉಕ್ಕಿ, ಸೇತುವೆ ತೋಟಗಳು ಕೊಚ್ಚಿಹೋದವು. ಕರೆಂಟು ಹೋಗಿ ದಾರಿ ಮುಚ್ಚಿದರೆ ಫ್ರಿಜ್ ಬರಿಯ ಕಪಾಟು. ಅಂಥ ದಿನಗಳಲ್ಲಿ ಭರಣಿಯ ವಿದ್ಯೆಗೆ ಈಗಲೂ ಬೆಲೆಯಿದೆ.

ಅನೇಕ ಊರುಗಳಲ್ಲಿ ಈಗ ಗ್ರಾಮಚರಿತ್ರೆ, ಸ್ಮರಣ ಸಂಚಿಕೆಗಳು ಬರುತ್ತಿವೆ. ಗುತ್ತುಮನೆಗಳ ಪಟ್ಟಿ, ಜೀರ್ಣೋದ್ಧಾರದ ವಿವರ, ದಾನಿಗಳ ಭಾವಚಿತ್ರ ಎಲ್ಲವೂ ಇರಲಿ. ಜೊತೆಗೆ ಗೇಣಿಯ ಕಾಲ ಕಂಡ ಒಬ್ಬ ಅಜ್ಜಿಯನ್ನೋ ಉಮ್ಮನನ್ನೋ ಬಾಯಮ್ಮನನ್ನೋ ಕೂರಿಸಿ ಕೇಳಿ: ಆಟಿಗೆಂದು ಏನೇನು ತೆಗೆದಿಡುತ್ತಿದ್ದಿರಿ, ಅದು ಎಷ್ಟು ದಿನಕ್ಕೆ ಮುಗಿಯುತ್ತಿತ್ತು, ಮುಗಿದ ಮೇಲೆ ಮನೆಯಲ್ಲಿ ಮೊದಲು ಯಾರು ಉಣ್ಣುತ್ತಿದ್ದರು, ಕೊನೆಗೆ ಯಾರು? 1974ರಲ್ಲಿ ಇಪ್ಪತ್ತರ ಸೊಸೆಯಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಕೇಳುವುದಿದ್ದರೆ ಈ ಮಳೆಗಾಲದಲ್ಲೇ ಕೇಳಬೇಕು.