ಬಾಗಿದ ಶಾಫ್ಟ್ ಬಿಲ್ಲಲ್ಲ: ಲಾಂಗ್ ಡ್ರೈವ್ ಶಾಫ್ಟ್ ಆಯ್ಕೆಯ ಇತಿಹಾಸದಲ್ಲಿ ಒಂದು ಛಾಯಾಚಿತ್ರದ ಅಪಾರ್ಥ

ಟೀ ಮೇಲಿಟ್ಟ ಚೆಂಡನ್ನು ಯಾರು ಹೆಚ್ಚು ದೂರ ಹೊಡೆಯಬಲ್ಲರು ಎಂಬುದೊಂದನ್ನೇ ಅಳೆಯುವ ಲಾಂಗ್ ಡ್ರೈವ್ ಸ್ಪರ್ಧೆಗೆ ಯಾವ ಶಾಫ್ಟ್ ತಕ್ಕದ್ದು, ಅಂದರೆ ಕ್ಲಬ್ಬಿನ ಹಿಡಿಯನ್ನೂ ತಲೆಯನ್ನೂ ಜೋಡಿಸುವ ಕೋಲು ಎಷ್ಟು ಬಿಗಿ, ಎಷ್ಟು ಉದ್ದ, ಎಷ್ಟು ಹಗುರ ಇರಬೇಕು ಎಂಬ ಚರ್ಚೆಯ ತಳದಲ್ಲಿ ಬಹುಕಾಲದಿಂದ ಒಂದು ನಂಬಿಕೆ ಕೂತಿದೆ. ಬೀಸಿನ ಆರಂಭದಲ್ಲಿ ಹಿಂದಕ್ಕೆ ಬಾಗುವ ಶಾಫ್ಟ್ ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡು ಚೆಂಡಿಗೆ ತಾಗುವ ಗಳಿಗೆಯಲ್ಲಿ ಅದನ್ನು ಬಿಟ್ಟುಕೊಡುತ್ತದೆ, ಆದ್ದರಿಂದ ಒಳ್ಳೆಯ ಶಾಫ್ಟ್ ಎಂದರೆ ಚೆನ್ನಾಗಿ ಚಿಮ್ಮುವ ಶಾಫ್ಟ್ ಎಂಬುದು ಆ ನಂಬಿಕೆ. ಇದಕ್ಕೆ ಆಧಾರವಾಗಿ ಮುಂದಿಡಬಹುದಾದ ಸಾಕ್ಷ್ಯಗಳಲ್ಲಿ ಅತ್ಯಂತ ಪ್ರಬಲವಾದದ್ದು ಹೆರಾಲ್ಡ್ ಎಡ್ಗರ್ಟನ್ 1938ರಲ್ಲಿ ತೆಗೆದ ಒಂದು ಚಿತ್ರ. ಆ ಚಿತ್ರವನ್ನು ಓದಿದ ಬಗೆಯೇ ತಪ್ಪಾಗಿತ್ತು, ಮತ್ತು ಆ ತಪ್ಪನ್ನು ತಿದ್ದಬಹುದಾಗಿದ್ದ 1968ರ ಒಂದು ಪ್ರಯೋಗಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಎಡ್ಗರ್ಟನ್, ಕತ್ತಲ ಕೋಣೆಯಲ್ಲಿ ಶಟರ್ ತೆರೆದಿಟ್ಟು ಅತಿ ಕ್ಷಣಿಕವಾದ ಮಿಂಚುದೀಪಗಳನ್ನು ಒಂದರ ಹಿಂದೊಂದು ಬೆಳಗಿಸಿ, ಒಂದೇ ಫಿಲ್ಮಿನ ಮೇಲೆ ಚಲನೆಯ ಹಲವು ಹಂತಗಳನ್ನು ಮೂಡಿಸುವ ಸ್ಟ್ರೋಬ್ ವಿಧಾನವನ್ನು ಬೆಳೆಸಿದವರು. 1933ರ ಬ್ರಿಟಿಷ್ ಓಪನ್ನನ್ನೂ 1936 ಮತ್ತು 1937ರ ಪಿಜಿಎ ಚಾಂಪಿಯನ್‌ಶಿಪ್‌ಗಳನ್ನೂ ಗೆದ್ದ ಡೆನ್ಸ್‌ಮೋರ್ ಶೂಟ್ ಅವರ ಬೀಸನ್ನು ಹಿಡಿದ ಈ ಚಿತ್ರಕ್ಕೆ ‘ಡೆನ್ಸ್‌ಮೋರ್ ಶೂಟ್ ಬೆಂಡ್ಸ್ ದಿ ಶಾಫ್ಟ್’ ಎಂಬ ಹೆಸರಿದೆ. ಬಿಲ್ಲುವಾದಿಗಳ ಪರವಾಗಿ ಒಂದು ಮಾತನ್ನು ಮೊದಲೇ ಒಪ್ಪಬೇಕು. ಹಳೆಯ ಗಾಲ್ಫ್ ಚಿತ್ರಗಳಲ್ಲಿ ಕಾಣುವ ವಿಪರೀತ ಬಾಗುಗಳಲ್ಲಿ ಅನೇಕವು ಫೋಕಲ್ ಪ್ಲೇನ್ ಶಟರ್ ಹುಟ್ಟಿಸಿದ ಭ್ರಮೆಗಳು: ಆ ಶಟರಿನ ಸೀಳು ಫಿಲ್ಮಿನ ಉದ್ದಕ್ಕೂ ಸರಿದುಹೋಗುವಷ್ಟರಲ್ಲಿ ಕೋಲು ಮುಂದೆ ಚಲಿಸಿರುತ್ತದೆ, ಹೀಗಾಗಿ ನೇರವಾದ ಕೋಲೂ ಚಿತ್ರದಲ್ಲಿ ಡೊಂಕಾಗುತ್ತದೆ. ಎಡ್ಗರ್ಟನ್ ಚಿತ್ರದಲ್ಲಿ ಹಾಗೆ ಸರಿಯುವ ಸೀಳಿಲ್ಲ, ಆದ್ದರಿಂದ ಅಲ್ಲಿ ಕಾಣುವ ಬಾಗು ನಿಜವಾದ ಬಾಗು. ಶಾಫ್ಟ್ ಬಾಗುವುದೇ ಇಲ್ಲವೆಂದು ವಾದಿಸುವವರಿಗೆ ಈ ಚಿತ್ರ ಸಾಕಷ್ಟು ಉತ್ತರ ಕೊಟ್ಟಿದೆ.

ಆದರೆ ಬಾಗು ನಿಜವೆಂಬುದರಿಂದ ಅದು ದೂರವನ್ನು ಹುಟ್ಟಿಸುತ್ತದೆಂಬುದು ಸಿದ್ಧವಾಗುವುದಿಲ್ಲ. ಸೆಕೆಂಡಿಗೆ 100 ಮಿಂಚುಗಳ ಲೆಕ್ಕ ಹಿಡಿದರೆ, ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಸಾಗುವ ಕ್ಲಬ್ಬಿನ ತಲೆ ಎರಡು ಮಿಂಚುಗಳ ನಡುವೆ 45 ಸೆಂಟಿಮೀಟರ್ ದಾಟಿಬಿಡುತ್ತದೆ. ತಲೆಗೂ ಚೆಂಡಿಗೂ ಸ್ಪರ್ಶವಿರುವುದಾದರೋ ಸುಮಾರು 0.0005 ಸೆಕೆಂಡು ಮಾತ್ರ. ವಿವಾದವಿರುವುದು ಯಾವ ಕ್ಷಣದ ಬಗ್ಗೆಯೋ ಆ ಕ್ಷಣ ಇಂಥ ಚಿತ್ರದಲ್ಲಿ ದಾಖಲಾಗುವುದು ಆಕಸ್ಮಿಕವೇ ಸರಿ. ಬೀಸಿನ ಬೇರೆ ಬೇರೆ ಹಂತಗಳಲ್ಲಿ ಕಂಡ ಬಾಗನ್ನು ಸ್ಪರ್ಶದ ಕ್ಷಣಕ್ಕೆ ಎಳೆದು ತಂದು, ನಡುವಿನ ಕತ್ತಲೆಯನ್ನು ಬಿಲ್ಲಿನ ಉಪಮೆಯಿಂದ ತುಂಬಿದವರು ಚಿತ್ರದ ಓದುಗರೇ ಹೊರತು ಚಿತ್ರ ತೆಗೆದವರಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬಾಗಿನ ದಿಕ್ಕಿಗೆ ಸಂಬಂಧಿಸಿದ್ದು. ಮಿಲ್ನ್ ಮತ್ತು ಡೇವಿಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನವು, ಚೆಂಡಿಗೆ ತಾಗುವ ಹೊತ್ತಿಗೆ ಶಾಫ್ಟಿನ ತುದಿ ಮುಂದಕ್ಕೆ, ಗುರಿಯ ಕಡೆಗೆ, ಬಾಗಿರುವುದಕ್ಕೆ ಸ್ಪಷ್ಟ ಕಾರಣ ಕೊಟ್ಟಿತು: ತಲೆಯ ಗುರುತ್ವಕೇಂದ್ರ ಶಾಫ್ಟಿನ ನೇರದಲ್ಲಿರದೆ ಅದರಿಂದ ಹಿಂದಕ್ಕೆ ಸರಿದಿರುವುದರಿಂದ, ಕೇಂದ್ರಾಪಗಾಮಿ ಸೆಳೆತ ಆ ಕೇಂದ್ರವನ್ನು ಕೈಗಳ ನೇರಕ್ಕೆ ತರಲು ಎಳೆಯುತ್ತದೆ, ಅದರ ಪರಿಣಾಮವಾಗಿ ತುದಿ ಮುಂದಕ್ಕೆ ಬಗ್ಗುತ್ತದೆ. ಹಿಂದಕ್ಕೆ ಬಾಗಿದ ಬಿಲ್ಲು ತಾನು ಕೂಡಿಟ್ಟದ್ದನ್ನೆಲ್ಲ ಬಿಟ್ಟುಕೊಟ್ಟಿರುವುದು ನೆಟ್ಟಗಾದ ಗಳಿಗೆಯಲ್ಲಿ. ಸ್ಪರ್ಶದ ವೇಳೆಗೆ ಶಾಫ್ಟ್ ಆ ಸ್ಥಿತಿಯನ್ನು ದಾಟಿ ಮುಂದಕ್ಕೆ ಬಾಗಿದೆ ಎಂದಾದರೆ ಅದು ಶಕ್ತಿಯನ್ನು ಬಿಡುತ್ತಿಲ್ಲ, ಮತ್ತೆ ತನ್ನೊಳಗೆ ತೆಗೆದುಕೊಳ್ಳುತ್ತಿದೆ. ಬಿಲ್ಲಿನ ಪರವಾದ ಸಾಕ್ಷಿ ಎಂದು ತೋರಿಸುವ ಬಾಗೇ ಬಿಲ್ಲಿಗೆ ವಿರುದ್ಧವಾಗಿ ನುಡಿಯುತ್ತದೆ.

ಪ್ರಮಾಣದ ಪ್ರಶ್ನೆಯೂ ಉಳಿದಿದೆ. ಹಿಡಿಯ ತುದಿಯನ್ನು ಬಿಗಿದು ತಲೆಯನ್ನು ಮೀಟಿದಾಗ ಕ್ಲಬ್ ನಿಮಿಷಕ್ಕೆ ಎಷ್ಟು ಸಲ ಅಲುಗುತ್ತದೆ ಎಂಬುದು ಶಾಫ್ಟಿನ ಬಿಗಿತದ ನಂಬಲರ್ಹ ಅಳತೆ. ತಯಾರಕರು ಬಳಸುವ ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿಗೆ ಉದ್ಯಮದಲ್ಲೆಲ್ಲ ಒಂದೇ ಮಾನದಂಡ ಇಲ್ಲವಾದ್ದರಿಂದ ಅವನ್ನು ಇತಿಹಾಸದ ಆಧಾರವಾಗಿ ಉಲ್ಲೇಖಿಸುವವರು ಎಚ್ಚರ ವಹಿಸಬೇಕು. ನಿಮಿಷಕ್ಕೆ 250 ಸಲ ಅಲುಗುವ ಶಾಫ್ಟ್, 200 ಗ್ರಾಂ ತೂಕದ ತಲೆ, 15 ಸೆಂಟಿಮೀಟರಿನ ಧಾರಾಳ ಬಾಗು ಎಂದು ಹಿಡಿದರೂ ಶಾಫ್ಟಿನಲ್ಲಿ ಕೂಡಿಟ್ಟ ಶಕ್ತಿ ಸುಮಾರು ಒಂದೂವರೆ ಜೂಲ್ ಆಗುತ್ತದೆ. ಅದೇ ತಲೆ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊತ್ತೊಯ್ಯುವ ಚಲನಶಕ್ತಿ ಸುಮಾರು 200 ಜೂಲ್. ಆ ಒಂದೂವರೆ ಜೂಲ್ ಪೂರ್ತಿ ತಲೆಗೆ ಸೇರಿತೆಂದೇ ಒಪ್ಪಿಕೊಂಡರೂ ವೇಗದಲ್ಲಿ ಆಗುವ ಹೆಚ್ಚಳ ನೂರಕ್ಕೆ ಅರ್ಧದಷ್ಟೂ ಇರುವುದಿಲ್ಲ.

ಇಲ್ಲಿಗೆ 1968ರ ಆಧಾರವನ್ನು ತರಬೇಕು. ಗಾಲ್ಫ್ ಸೊಸೈಟಿ ಆಫ್ ಗ್ರೇಟ್ ಬ್ರಿಟನ್ ನಡೆಸಿದ ಸಂಶೋಧನೆಯ ಫಲವಾಗಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಹೊರತಂದ ‘ದಿ ಸರ್ಚ್ ಫಾರ್ ದಿ ಪರ್ಫೆಕ್ಟ್ ಸ್ವಿಂಗ್’ ಗ್ರಂಥವನ್ನು ಹೆಸರಿಸದವರಿಲ್ಲ. ಅದರ ಕೀಲಿನ ಪ್ರಯೋಗವನ್ನು ಅದರ ತೂಕಕ್ಕೆ ತಕ್ಕಂತೆ ಚರ್ಚಿಸಿದವರು ವಿರಳ. ತಲೆಯ ಸ್ವಲ್ಪ ಮೇಲೆ ಶಾಫ್ಟಿಗೆ ಕೀಲು ಕೂಡಿಸಿ, ಅಲ್ಲಿಂದ ಕೆಳಗೆ ಬಿಗಿತವೇ ಇಲ್ಲದಂತೆ ಮಾಡಿದ ಕ್ಲಬ್ಬಿನಿಂದ ಹೊಡೆಸಿದಾಗಲೂ ಚೆಂಡು ಹೆಚ್ಚುಕಡಿಮೆ ಮಾಮೂಲಿ ದೂರಕ್ಕೇ ಹೋಯಿತು. ಸ್ಪರ್ಶ ಮುಗಿಯುವ ಮೊದಲು ಕೈಗಳ ಒತ್ತಡ ಶಾಫ್ಟಿನ ಮೂಲಕ ತಲೆಯನ್ನು ಮುಟ್ಟಲಾರದು, ಆ ಅಲ್ಪ ಕಾಲದಲ್ಲಿ ತಲೆ ಶಾಫ್ಟಿನ ಹಂಗಿಲ್ಲದೆ ಹಾರಿಬಂದ ಬಿಡಿ ವಸ್ತುವಿನಂತೆಯೇ ವರ್ತಿಸುತ್ತದೆ ಎಂಬ ತೀರ್ಮಾನಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಈ ಪ್ರಯೋಗ ಸ್ಪರ್ಶದ ಕ್ಷಣವನ್ನು ಮಾತ್ರ ಕುರಿತದ್ದು, ಅದಕ್ಕೆ ಮುಂಚಿನ ಬೀಸಿನಲ್ಲಿ ಶಾಫ್ಟಿನ ಪಾತ್ರವೇನೆಂಬುದನ್ನು ಅದು ಇತ್ಯರ್ಥ ಮಾಡುವುದಿಲ್ಲ ಎಂಬ ಮಿತಿಯನ್ನು ಇಲ್ಲಿ ಮರೆಮಾಚಿಲ್ಲ. ಆ ಉಳಿದ ಭಾಗಕ್ಕೆ 2009ರಲ್ಲಿ ಮೆಕೆನ್ಜಿ ಮತ್ತು ಸ್ಪ್ರಿಗಿಂಗ್ಸ್ ಗಣಕ ಮಾದರಿಯ ಮೂಲಕ ಉತ್ತರ ಕೊಟ್ಟಿದ್ದಾರೆ: ಶಾಫ್ಟ್ ಚಿಮ್ಮುವುದರಿಂದ ತಲೆಗೆ ಒಂದಿಷ್ಟು ವೇಗ ಸೇರುವುದುಂಟು, ಆದರೆ ಹಿಡಿಯ ಕಡೆಯ ತಿರುಗುವೇಗ ಅಷ್ಟರಮಟ್ಟಿಗೆ ಇಳಿಯುವುದರಿಂದ ಒಟ್ಟು ಲಾಭ ನಗಣ್ಯ, ಬಿಗಿತ ನಿಜವಾಗಿ ಬದಲಾಯಿಸುವುದು ತಲೆ ಚೆಂಡನ್ನು ಯಾವ ಕೋನದಲ್ಲಿ ಎದುರಿಸುತ್ತದೆ ಎಂಬುದನ್ನು.

ಲಾಂಗ್ ಡ್ರೈವ್ ಸ್ಪರ್ಧಿಗೆ ಶಾಫ್ಟ್ ಮುಖ್ಯವಾಗುವುದು ಈ ಕೋನದ ಕಾರಣದಿಂದ. ಗಂಟೆಗೆ 100 ಮೈಲಿ ವೇಗದ ತಲೆಯ ಮೇಲಿರುವ ಕೇಂದ್ರಾಪಗಾಮಿ ಸೆಳೆತ, 140 ಮೈಲಿ ವೇಗದಲ್ಲಿ, ಅದು ವೇಗದ ವರ್ಗವನ್ನು ಅನುಸರಿಸುವುದರಿಂದ, ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ; ಅದರೊಂದಿಗೆ ಮುಂದಕ್ಕೆ ಬಾಗುವ ಒತ್ತಾಯವೂ, ತನ್ಮೂಲಕ ಚೆಂಡಿಗೆ ದೊರೆಯುವ ಲಾಫ್ಟ್, ಎಂದರೆ ತಲೆಯ ಮುಖ ಮೇಲಕ್ಕೆ ವಾಲಿದ ಕೋನವೂ, ಹೆಚ್ಚುತ್ತವೆ. ವೇಗ ಹೆಚ್ಚಿದ್ದಾಗ ಲಾಫ್ಟ್ ಮಿತಿಮೀರಿದರೆ ಚೆಂಡು ಹಿಂದಕ್ಕೆ ಸುತ್ತುತ್ತ ಮೇಲಕ್ಕೇರಿ ದೂರವನ್ನು ಕಳೆದುಕೊಳ್ಳುತ್ತದೆ. ತುದಿ ಬಿಗಿಯಾದ ಶಾಫ್ಟನ್ನೂ ಬಹು ಕಡಿಮೆ ಲಾಫ್ಟಿನ ತಲೆಯನ್ನೂ ಈ ಸ್ಪರ್ಧಿಗಳು ಜೋಡಿಸುವುದಕ್ಕೂ, ಬಿಗಿತ ಸಾಲದೆಂದು ಕಂಡಾಗ ಶಾಫ್ಟನ್ನು ತಲೆಯ ಕಡೆಯಿಂದ ಕತ್ತರಿಸುವುದಕ್ಕೂ ಇದೇ ಕಾರಣ. ಬಿಲ್ಲುವಾದಕ್ಕೆ ಪ್ರತಿಯಾಗಿ ‘ಬಿಗಿಯಾದಷ್ಟೂ ದೂರ’ ಎಂದು ಸಾರುವವರು ಕೂಡ ಹಿಂದಿನವರ ತಪ್ಪನ್ನೇ ತಲೆಕೆಳಗು ಮಾಡಿದ್ದಾರೆ: ಬಿಗಿತದಿಂದ ವೇಗ ಹುಟ್ಟುವುದಿಲ್ಲ, ಈಗಾಗಲೇ ಇರುವ ವೇಗಕ್ಕೆ ತಕ್ಕ ಕೋನ ಉಳಿಯುತ್ತದೆ, ಅಷ್ಟೇ.

ವೇಗವನ್ನು ನಿಜವಾಗಿ ಮುಟ್ಟುವ ಗುಣಗಳು ಉದ್ದ ಮತ್ತು ತೂಕ. 1969ರ ಸುಮಾರಿಗೆ ಶೇಕ್ಸ್‌ಪಿಯರ್ ಕಂಪನಿಯಲ್ಲಿ ಫ್ರಾಂಕ್ ಥಾಮಸ್ ರೂಪಿಸಿದ ಗ್ರ್ಯಾಫೈಟ್ ಶಾಫ್ಟಿನ ಮಹತ್ವವನ್ನು ‘ಚಿಮ್ಮುವಿಕೆ’ಯಲ್ಲಿ ಹುಡುಕುವವರು ಇದನ್ನು ಗಮನಿಸಬೇಕು: ನೂರು ಗ್ರಾಂ ಮೀರುತ್ತಿದ್ದ ಉಕ್ಕಿನ ಶಾಫ್ಟಿನ ಜಾಗಕ್ಕೆ ಮುಂದೆ ಅದರ ಅರ್ಧದಷ್ಟು ತೂಕದವೂ ಬಂದುದರಿಂದ, ಬೀಸಲಾಗದಷ್ಟು ಭಾರವಾಗದಂತೆ ಕ್ಲಬ್ಬನ್ನು ಉದ್ದ ಮಾಡುವುದು ಸಾಧ್ಯವಾಯಿತು. ಆ ಉದ್ದಕ್ಕೂ ನಿಯಮದ ಎಲ್ಲೆಯಿದೆ. 2004ರಿಂದ ಗಾಲ್ಫ್ ನಿಯಮಗಳು ಪಟರ್ ಬಿಟ್ಟು ಉಳಿದ ಕ್ಲಬ್ಬುಗಳಿಗೆ 48 ಇಂಚಿನ ಮಿತಿ ಹಾಕಿವೆ. ಮೇಲಾಗಿ, ಚೆಂಡು ಗ್ರಿಡ್ ಎಂದು ಕರೆಯುವ ಗುರುತಿಸಿದ ಪಟ್ಟಿಯೊಳಗೆ ನಿಂತರೆ ಮಾತ್ರ ಹೊಡೆತ ಎಣಿಕೆಗೆ ಬರುವುದರಿಂದ, ಕೊನೆಯ ಒಂದು ಇಂಚು ತಂದ ವೇಗವನ್ನು ತಲೆಯ ಅಂಚಿಗೆ ತಾಗಿದ ಹೊಡೆತಗಳು ಕಸಿದುಕೊಳ್ಳಬಲ್ಲವು.

1974ರಲ್ಲಿ ಲಾಸ್ ವೇಗಸ್‌ನ ವಿಂಟರ್‌ವುಡ್ ಮೈದಾನದಲ್ಲಿ 64 ವರ್ಷದ ಮೈಕ್ ಆಸ್ಟಿನ್ ಉಕ್ಕಿನ ಶಾಫ್ಟಿನಿಂದ ಹೊಡೆದ 515 ಗಜದ ಹೊಡೆತವನ್ನು ಈ ವಿವಾದಕ್ಕೆ ಎಳೆದು ತರುವುದು ಸಲ್ಲದು. ಬಲವಾದ ಹಿಂಗಾಳಿ ಜೊತೆಗಿದ್ದ ಒಂದೇ ಒಂದು ಹೊಡೆತದಿಂದ ಶಾಫ್ಟಿನ ಪಾಲನ್ನು ಬೇರ್ಪಡಿಸುವ ದಾರಿಯಿಲ್ಲ; ಗಾಳಿಗೆ ಸಲ್ಲಬೇಕಾದದ್ದನ್ನು ಉಕ್ಕಿಗೆ ಸಲ್ಲಿಸಿದರೆ ಅದು ದಾಖಲೆಗೂ ಆಟಗಾರನಿಗೂ ಮಾಡುವ ಅನ್ಯಾಯ.

ಹೀಗಾಗಿ ಆಯ್ಕೆಯ ಕ್ರಮವೇ ಬದಲಾಗಬೇಕು: ಮೊದಲು ಗ್ರಿಡ್ಡಿನೊಳಗೆ ಹಿಡಿತ ತಪ್ಪದ ಗರಿಷ್ಠ ಉದ್ದ, ಆ ಉದ್ದದಲ್ಲಿ ಬೀಸಿನ ಲಯ ಕೆಡಿಸದ ತೂಕ, ಕೊನೆಗೆ ತಲೆಯ ಲಾಫ್ಟಿನೊಂದಿಗೆ ಕೂಡಿ ಚೆಂಡಿಗೆ ಬೇಕಾದ ಏರುಕೋನವನ್ನೂ ಸುತ್ತನ್ನೂ ಕೊಡುವ ತುದಿಬಿಗಿತ. ಒಂದು ಶಾಫ್ಟ್ ಇನ್ನೊಂದಕ್ಕಿಂತ ದೂರ ಹೊಡೆಯುತ್ತದೆಂದು ಇನ್ನು ಮುಂದೆ ಬರೆಯುವವರು, ತಲೆ, ಉದ್ದ, ಒಟ್ಟು ತೂಕಗಳನ್ನು ಒಂದೇ ಆಗಿ ಇರಿಸಿ, ಸ್ಪರ್ಶದ ವೇಳೆಯ ಲಾಫ್ಟನ್ನು ಅಳೆದು ತೋರಿಸಬೇಕು. ಅಷ್ಟನ್ನು ಮಾಡದೆ ಬಾಗಿದ ಶಾಫ್ಟಿನ ಚಿತ್ರವನ್ನು ಮುಂದೊಡ್ಡುವ ಯಾವ ಪ್ರತಿಪಾದನೆಯನ್ನೂ ಆಧಾರವೆಂದು ಸ್ವೀಕರಿಸುವಂತಿಲ್ಲ.