ಸಂಚಾರಿ ಕಲಾತಂಡಗಳ ಪ್ರವಾಸ ಜೀವನ ಮತ್ತು ದಾಖಲೆಗಳು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಕಲಾವಿದರ ಮಾಹಿತಿಗಾಗಿ

ಪೀಠಿಕೆ

ಊರಿಂದೂರಿಗೆ ಸಂಚರಿಸಿ ಪ್ರದರ್ಶನ ನೀಡುವ ಕಲಾವಿದರ ಬದುಕಿನ ಬಹುಭಾಗ ಬಿಡಾರಗಳಲ್ಲಿಯೇ ಕಳೆಯುತ್ತದೆ. ವಯಸ್ಸಾದ ನಂತರ ಮಾಸಾಶನಕ್ಕೆ ಅರ್ಜಿ ಸಲ್ಲಿಸುವಾಗ ಇಂತಹವರಿಗೆ ಎದುರಾಗುವ ಮುಖ್ಯ ತೊಡಕು ದಾಖಲೆಗಳ ಅಭಾವವಾಗಿದೆ. ಹಲವು ದಶಕ ವೇಷ ಕಟ್ಟಿದವರ ಬಳಿಯೂ ಅದನ್ನು ತೋರಿಸುವ ಒಂದು ಕಾಗದ ಇಲ್ಲದಿರಬಹುದು. ಈ ಕಾರಣ ಸಂಚಾರ ಕಾಲದಲ್ಲಿಯೇ ಕಲಾವಿದರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಪ್ರದೇಶ ಮತ್ತು ಕಲೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಈ ಭಾಗದಲ್ಲಿ ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿವೆ. ಕೇಳಿಕೆ, ಪೌರಾಣಿಕ ನಾಟಕ, ತಮಟೆ ವಾದನ ಮೊದಲಾದವು ಇಲ್ಲಿ ಪ್ರಚಲಿತವಾಗಿರುವ ಕಲೆಗಳು. ಜಿಲ್ಲೆಯ ತಮಟೆ ಕಲಾವಿದರಾದ ಶ್ರೀ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿಸಲಾಯಿತು. ತೊಗಲುಗೊಂಬೆಯಾಟದ ಕುಟುಂಬಗಳು ಗೊಂಬೆಗಳ ಪೆಟ್ಟಿಗೆ ಹೊತ್ತು ಹಳ್ಳಿಗಳಲ್ಲಿ ಬೀಡುಬಿಡುವುದು ನಾಡಿನ ಹಳೆಯ ಪದ್ಧತಿ. ಈ ಕಲೆಗಾಗಿ ಕೊಪ್ಪಳ ಜಿಲ್ಲೆಯ ಶ್ರೀಮತಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ಸಂಚಾರದ ಕ್ರಮ

ವೃತ್ತಿ ನಾಟಕ ಕಂಪನಿಗಳ ಪೈಕಿ 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯು ಹೆಸರಾಂತ ಸಂಸ್ಥೆ. ಪರದೆ, ಪೋಷಾಕು, ದೀಪ ಹಾಗೂ ಅಡುಗೆ ಸಾಮಾನುಗಳೊಡನೆ ಕಂಪನಿಯು ಒಂದು ಊರಿನಲ್ಲಿ ಕ್ಯಾಂಪು ಹಾಕಿ, ಪ್ರೇಕ್ಷಕರ ಸಂಖ್ಯೆ ಇಳಿದಾಗ ಮುಂದಿನ ಊರಿಗೆ ತೆರಳುವುದು ವೃತ್ತಿ ಕಂಪನಿಗಳ ರೂಢಿ. ಕಲಾವಿದರ ಮಕ್ಕಳು ಕ್ಯಾಂಪಿನಲ್ಲಿಯೇ ಬೆಳೆದು ಬಾಲಪಾತ್ರಗಳನ್ನು ವಹಿಸುತ್ತಿದ್ದುದುಂಟು. ಡಾ. ರಾಜ್‌ಕುಮಾರ್ ಅವರು ತಂದೆಯವರೊಡನೆ ಗುಬ್ಬಿ ಕಂಪನಿಯಲ್ಲಿದ್ದು ಬಾಲ್ಯದಲ್ಲಿಯೇ ರಂಗವನ್ನೇರಿದವರು.

ಸುಗ್ಗಿಯ ನಂತರ ಆರಂಭವಾಗುವ ಜಾತ್ರೆಗಳ ಕಾಲವು ಪ್ರದರ್ಶನಗಳಿಗೆ ಅನುಕೂಲವಾದುದು. ನಂದಿಯಲ್ಲಿ ಶಿವರಾತ್ರಿಯ ರಥೋತ್ಸವ ಜರುಗುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಹಾಗೂ ಚಿಂತಾಮಣಿ ತಾಲ್ಲೂಕಿನ ಕೈವಾರ ಕ್ಷೇತ್ರಗಳಿಗೂ ಜನರು ಹೆಚ್ಚಿನ ಸಂಖ್ಯೆಯಲ್ಲಿ ಬರುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳು ಕೋಲಾರದ ಕಡೆಗೆ ಸಾಗುವ ಒಂದೇ ರೈಲು ಮಾರ್ಗದಲ್ಲಿದ್ದು, ಗೌರಿಬಿದನೂರು ಹಿಂದೂಪುರದ ಮಾರ್ಗದಲ್ಲಿದೆ. ಮಳೆಗಾಲದಲ್ಲಿ ಬಯಲಿನ ಪ್ರದರ್ಶನಗಳು ಕಡಿಮೆಯಾಗುವುದರಿಂದ ಆದಾಯವೂ ಕುಗ್ಗುತ್ತದೆ.

ಕಲಾವಿದರು ಗಮನಿಸಬೇಕಾದ ಅಂಶಗಳು

1. ಜನನ ನೋಂದಣಿ: ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರಂತೆ ಮಗು ಜನಿಸಿದ ಸ್ಥಳದ ನೋಂದಣಾಧಿಕಾರಿಯವರಲ್ಲಿಯೇ ಜನನವನ್ನು ನೋಂದಾಯಿಸತಕ್ಕದ್ದು. 21 ದಿನಗಳೊಳಗೆ ಮಾಹಿತಿ ನೀಡುವುದು ಅಗತ್ಯ. ಆದುದರಿಂದ ಕ್ಯಾಂಪು ಬದಲಿಸುವ ಮುನ್ನವೇ ಪ್ರಮಾಣಪತ್ರ ಪಡೆಯುವುದು ಸೂಕ್ತ. ಒಂದು ವರ್ಷ ಮೀರಿದಲ್ಲಿ ಸಕ್ಷಮ ಅಧಿಕಾರಿಯ ಆದೇಶ ಬೇಕಾಗುತ್ತದೆ.

2. ಮಕ್ಕಳ ಶಿಕ್ಷಣ: ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕಾರ ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ 6ರಿಂದ 14 ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾದುದೂ ಪ್ರವೇಶವನ್ನು ವಿಳಂಬಿಸಲು ಕಾರಣವಾಗತಕ್ಕದ್ದಲ್ಲ.

3. ಮತದಾರರ ಪಟ್ಟಿ: ಪ್ರಜಾಪ್ರಾತಿನಿಧ್ಯ ಅಧಿನಿಯಮ, 1950ರಂತೆ ವಾಸಸ್ಥಳದಿಂದ ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಎಂಬ ಸ್ಥಾನ ಹೋಗುವುದಿಲ್ಲ. ಸ್ವಂತ ಊರಿನ ಪಟ್ಟಿಯಲ್ಲಿ ಹೆಸರನ್ನು ಕಾಲಕಾಲಕ್ಕೆ ಪರಿಶೀಲಿಸಿಕೊಳ್ಳತಕ್ಕದ್ದು.

4. ಪಡಿತರ: 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ ಅರ್ಹ ಚೀಟಿದಾರರು ತಾವು ತಂಗಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಆಹಾರಧಾನ್ಯ ಪಡೆಯಬಹುದಾಗಿದೆ.

5. ಧ್ವನಿವರ್ಧಕ: ಶಬ್ದ ಮಾಲಿನ್ಯ ನಿಯಮಗಳು, 2000ರಂತೆ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ನೀಡಬಹುದು. ಇಡೀ ರಾತ್ರಿಯ ಆಟವಾಡುವ ತಂಡಗಳು ಇದನ್ನು ಗಮನದಲ್ಲಿಡತಕ್ಕದ್ದು.

ಮಾಸಾಶನ ಮತ್ತು ಸೇವೆಯ ದಾಖಲೆ

ಕಷ್ಟ ಪರಿಸ್ಥಿತಿಯಲ್ಲಿರುವ ಹಿರಿಯ ಸಾಹಿತಿ ಹಾಗೂ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ನೀಡಲಾಗುತ್ತಿದೆ. ಅರ್ಜಿದಾರರು ವಯಸ್ಸು, ಆದಾಯ ಹಾಗೂ ದೀರ್ಘಕಾಲದ ಕಲಾಸೇವೆಯನ್ನು ದಾಖಲೆಗಳ ಮೂಲಕ ತೋರಿಸಬೇಕಾಗುತ್ತದೆ. ಈ ದೃಷ್ಟಿಯಿಂದ ಕೆಳಕಂಡವುಗಳನ್ನು ದಿನಾಂಕ ಹಾಗೂ ಊರಿನ ಹೆಸರು ಸಹಿತ ಕಾಯ್ದಿರಿಸಿಕೊಳ್ಳುವುದು ಒಳಿತು:

ಅ) ಕಲಾವಿದರ ಹೆಸರು ಮುದ್ರಿತವಾಗಿರುವ ಕರಪತ್ರ ಮತ್ತು ಆಹ್ವಾನ ಪತ್ರಿಕೆಗಳು
ಆ) ಜಾತ್ರಾ ಸಮಿತಿ, ಗ್ರಾಮ ಪಂಚಾಯಿತಿ ಅಥವಾ ಸಂಘಟಕರು ನೀಡಿದ ಪ್ರಶಂಸಾ ಪತ್ರಗಳು
ಇ) ಪ್ರದರ್ಶನದ ಛಾಯಾಚಿತ್ರ ಹಾಗೂ ಪತ್ರಿಕಾ ವರದಿಗಳು
ಈ) ತಂಡದ ಯಜಮಾನರು ಸಹಿ ಮಾಡಿದ ಸೇವಾ ವಿವರ

ಕಂಪನಿ ಮುಚ್ಚಿದ ನಂತರ ಅಥವಾ ಯಜಮಾನರು ಕಾಲವಾದ ನಂತರ ಸೇವಾ ವಿವರ ದೊರಕುವುದು ಕಷ್ಟಸಾಧ್ಯ. ತಂಡವನ್ನು ಬಿಡುವಾಗಲೇ ಅದನ್ನು ಬರೆಸಿಕೊಳ್ಳತಕ್ಕದ್ದು. ಹಾಡುಗಾರರು, ವಾದ್ಯಗಾರರು ಮತ್ತು ಪ್ರಸಾಧನದವರ ಹೆಸರು ಕರಪತ್ರಗಳಲ್ಲಿ ಬಿಟ್ಟುಹೋಗುವ ಸಂಭವವಿರುವುದರಿಂದ, ತಂಡದ ಯಜಮಾನರು ಎಲ್ಲರ ಹೆಸರುಳ್ಳ ಹಾಜರಿ ಪುಸ್ತಕವನ್ನು ನಿರ್ವಹಿಸುವುದು ಅಪೇಕ್ಷಣೀಯ.

ಅರ್ಹತೆ, ಅರ್ಜಿ ನಮೂನೆ ಹಾಗೂ ಕೊನೆಯ ದಿನಾಂಕಗಳು ಕಾಲಕಾಲಕ್ಕೆ ಬದಲಾವಣೆಗೆ ಒಳಪಟ್ಟಿರುತ್ತವೆ. ಹೆಚ್ಚಿನ ಮಾಹಿತಿಗಾಗಿ ಚಿಕ್ಕಬಳ್ಳಾಪುರದಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.